ಕೆಂಪು ಹೇರ್ ಡೈ: ಆರು ತಿಂಗಳಲ್ಲಿ ಮೂರು ಸಲ ಹಚ್ಚಿಕೊಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಡೈ ನನಗೆ ಇಷ್ಟ. ಆದರೆ ಡಬ್ಬದ ಮುಂದಿನ ಫೋಟೋ ನೋಡಿ ಮಾತ್ರ ತಗೊಳ್ಳಬೇಡಿ. ಆ ಉರಿಗೆಂಪು ತಿಳಿ ಕಂದು ಕೂದಲಿಗೆ ಬರುವ ಬಣ್ಣ. ನನ್ನದು ಕಡುಗಪ್ಪು ಕೂದಲು. ಡಬ್ಬದ ಹಿಂದೆ ಹಚ್ಚುವ ಮೊದಲು ಹೀಗೆ, ಹಚ್ಚಿದ ಮೇಲೆ ಹೀಗೆ ಅಂತ ಚಿಕ್ಕ ಚೌಕಗಳಲ್ಲಿ ತೋರಿಸಿರುತ್ತಾರೆ, ನೋಡಬೇಕಾದದ್ದು ಅದನ್ನು. ನನಗೆ ಬಂದದ್ದು ಅಲ್ಲಿ ಕಪ್ಪು ಕೂದಲಿನ ಪಕ್ಕ ಇದ್ದ ಬಣ್ಣವೇ. ನೆರಳಲ್ಲಿ ನಿಂತರೆ ಕೆಂಚು ಕೂದಲು ಅನ್ನಬಹುದು ಅಷ್ಟೇ. ಬಿಸಿಲಿಗೆ ಬಂದರೆ ಕೆಂಪು.

ಆ ಬಿಸಿಲಿನ ಕೆಂಪು ಎಷ್ಟು ಚೆನ್ನಾಗಿದೆ ಅಂದರೆ! ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಜಡೆ ಬಿಚ್ಚಿದಾಗ ಪ್ರತಿ ಎಳೆಯೂ ಒಂದೊಂದು ಥರ ಕಾಣುತ್ತದೆ. ಒಂದು ದ್ರಾಕ್ಷಿ ಬಣ್ಣ, ಇನ್ನೊಂದು ತಾಮ್ರ. ಕಿವಿಯ ಪಕ್ಕ ಏಳೆಂಟು ಬಿಳಿ ಕೂದಲಿತ್ತು, ಅವು ಎಲ್ಲಕ್ಕಿಂತ ಜೋರಾಗಿ ಕೆಂಪಾಗಿವೆ. ಬಿಳಿ ಕೂದಲಿನಲ್ಲಿ ಅದರದ್ದೇ ಬಣ್ಣ ಅಂತ ಏನೂ ಇರುವುದಿಲ್ಲ, ಅಲ್ವಾ, ಹಚ್ಚಿದ ಬಣ್ಣ ಹಾಗೇ ಎದ್ದು ಕಾಣುತ್ತದೆ. ನೆರೆಗೂದಲು ಜಾಸ್ತಿ ಇರುವವರು ಇದನ್ನು ಯೋಚಿಸಿಕೊಂಡೇ ಹಚ್ಚಿ.

ಕಪ್ಪು ಕೂದಲಿನವರಿಗೆ ಒಂದು ಅನುಕೂಲವೂ ಇದೆ. ಕಪ್ಪು ಬಣ್ಣ ಸ್ವಲ್ಪ ತಿಳಿಯಾದರೆ ಮೊದಲು ಕಾಣಿಸುವುದೇ ಕೆಂಪು ಛಾಯೆ. ನೀಲಿ, ಬೂದಿ ಬಣ್ಣ ಬೇಕು ಅಂದರೆ ಬ್ಲೀಚ್ ಮಾಡದೆ ಆಗುವುದಿಲ್ಲ. ಕೆಂಪಿಗೆ ಇಂಥ ಡಬ್ಬದ ಕಿಟ್ ಸಾಕು. ಅದರಲ್ಲಿರುವ ಅಮೋನಿಯಾ ಕೂದಲಿನ ಮೇಲಿನ ಪದರ ಬಿಡಿಸುತ್ತದೆ. ಡೈ ಜೊತೆ ಕಲಸುವ ಡೆವಲಪರ್‌ನಲ್ಲಿರುವ ಪೆರಾಕ್ಸೈಡ್ ನಮ್ಮ ಬಣ್ಣವನ್ನು ಸ್ವಲ್ಪ ತೆಗೆದು, ಡೈಯನ್ನು ಒಳಗೇ ಬಣ್ಣವಾಗಿ ಕೂರಿಸುತ್ತದೆ. ನನ್ನ ಕಿಟ್‌ನಲ್ಲಿ ಇದ್ದದ್ದು 6 ಪರ್ಸೆಂಟ್ ಪೆರಾಕ್ಸೈಡ್, ಅದರ ಬಲ ಹೇಳುವ ಇನ್ನೊಂದು ಲೆಕ್ಕದಲ್ಲಿ 20 ವಾಲ್ಯೂಮ್.

ಕಲಸುವಾಗ ಬಿಳಿ ಕ್ರೀಮ್ ಇರುತ್ತದೆ. ಇದು ಯಾವ ಕೆಂಪು ಅಂತ ಅನಿಸುವಷ್ಟರಲ್ಲಿ ಬಟ್ಟಲಿನ ಅಂಚಿನಿಂದ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅರ್ಧ ತಲೆಗೆ ಹಚ್ಚುವ ಹೊತ್ತಿಗೆ ಕಡುಗೆಂಪು. ಪ್ಲಾಸ್ಟಿಕ್ ಬಟ್ಟಲಲ್ಲೇ ಕಲಸಿ, ಲೋಹದ್ದು ಬೇಡ. ಉಳಿದದ್ದನ್ನು ಇನ್ನೊಂದು ದಿನಕ್ಕೆ ಅಂತ ಬಾಟಲಿಗೆ ಮುಚ್ಚಳ ಹಾಕಿ ಇಡಲೇಬೇಡಿ, ಒಳಗೆ ಗ್ಯಾಸ್ ತುಂಬಿ ಬಾಟಲಿ ಸಿಡಿಯಬಹುದು. ಭುಜ ದಾಟಿದ ಕೂದಲಿಗೆ ಒಂದು ಡಬ್ಬ ಸಾಲದು. ನನಗೆ ಎರಡು ಬೇಕಾಯಿತು.

ಮೊದಲ ಸಲ ಆದ ಎಡವಟ್ಟು ಹೇಳಬೇಕು, ಯಾಕೆಂದರೆ ಡಬ್ಬದ ಒಳಗಿನ ಚೀಟಿಯಲ್ಲಿ ಈ ವಿಷಯವೇ ಇರಲಿಲ್ಲ. ಚೀಟಿಯಲ್ಲಿ ಬುಡದಿಂದ ಶುರು ಮಾಡಿ ಅಂತ ಇತ್ತು, ಹಾಗೇ ಮಾಡಿದೆ. 35 ನಿಮಿಷ ಬಿಟ್ಟು ತೊಳೆದು, ಒಣಗಿಸಿ ನೋಡಿದರೆ ಬೈತಲೆಯ ಎರಡೂ ಕಡೆ ಒಂದೊಂದು ಇಂಚು ಕಿತ್ತಳೆಗೆಂಪು ಪಟ್ಟಿ, ಅದರ ಕೆಳಗೆಲ್ಲ ಕಂದು. ತಂಗಿ ಹಿಂದಿನಿಂದ ನೋಡಿ, "ಅಕ್ಕಾ, ಯಾರೋ ಗೆರೆ ಎಳೆದ ಹಾಗಿದೆ" ಅಂದಳು. ಅವತ್ತು ನಿಜಕ್ಕೂ ಅಳು ಬಂತು. ನೆತ್ತಿಯ ಬಿಸಿಗೆ ಬುಡದಲ್ಲಿ ಡೈ ಬೇಗ ಕೆಲಸ ಮಾಡುತ್ತದೆ, ಅದಕ್ಕೇ ಹೀಗಾಗುವುದು. ಹಿಂದೆ ಯಾವತ್ತೂ ಬಣ್ಣ ಹಾಕದ ಕೂದಲಾದರೆ ಬುಡದಲ್ಲಿ ಒಂದಿಂಚು ಬಿಟ್ಟು ಮೊದಲು ಉದ್ದಕ್ಕೆ ಹಚ್ಚಬೇಕು, ಬುಡಕ್ಕೆ ಕೊನೆಯಲ್ಲಿ. ಎರಡನೇ ಡಬ್ಬ ತಂದಾಗ ಉದ್ದದ ಭಾಗಕ್ಕೆ ಮಾತ್ರ ಹಚ್ಚಿ ಸರಿ ಮಾಡಿಕೊಂಡೆ. ಹಿಂದಲೆಗೆ ತಂಗಿಯೇ ಹಚ್ಚಿದಳು. ಒಬ್ಬರೇ ಹಚ್ಚಿಕೊಂಡರೆ ಕತ್ತಿನ ಹತ್ತಿರ ಎಲ್ಲಾದರೂ ಒಂದು ಕಡೆ ಬಿಟ್ಟೇ ಹೋಗುತ್ತದೆ.

ಹಣೆ, ಕಿವಿಯ ಸುತ್ತ ವ್ಯಾಸಲೀನ್ ಸವರಿಕೊಳ್ಳಿ. ನಾನು ಕಿವಿ ಮರೆತಿದ್ದೆ, ಎರಡು ದಿನ ಕಲೆ ಹೋಗಲಿಲ್ಲ.

ಇನ್ನು ಬಣ್ಣ ಎಷ್ಟು ದಿನ ಇರುತ್ತದೆ ಅನ್ನುವುದು. ನಿಜ ಹೇಳಬೇಕೆಂದರೆ ಈ ಡೈ ಬಗ್ಗೆ ನನ್ನ ದೂರು ಇರುವುದು ಇಲ್ಲೇ. ಡಬ್ಬದ ಮೇಲೆ ಪರ್ಮನೆಂಟ್ ಅಂತ ಬರೆದಿದೆ. ಪರ್ಮನೆಂಟ್ ಆಗಿ ಉಳಿಯುವುದು ಕೂದಲಿನಲ್ಲಾದ ಬದಲಾವಣೆ, ಕೆಂಪು ಉಳಿಯುವುದಿಲ್ಲ. ಎಲ್ಲ ಡೈಗಳಲ್ಲೂ ಬೇಗ ಮಾಸುವುದು ಕೆಂಪೇ. ಮೂರು ದಿನ ತಲೆಗೆ ನೀರು ಹಾಕದೆ ಕಾದು ಆಮೇಲೆ ತೊಳೆದರೂ ಬಚ್ಚಲಲ್ಲಿ ಗುಲಾಬಿ ನೀರು ಹರಿಯಿತು. ಅದು ನಾಲ್ಕೈದು ತಲೆಸ್ನಾನದವರೆಗೂ ನಿಲ್ಲಲಿಲ್ಲ. ದಿಂಬಿನ ಕವರ್ ಒಂದು ಹಾಳಾಯಿತು, ಬಿಳಿ ಟವೆಲ್ ಒಂದು ಹಾಳಾಯಿತು, ಬೆವರಿದ ದಿನ ತಿಳಿ ಬಣ್ಣದ ಅಂಗಿಯ ಕಾಲರ್ ಕೂಡ. ಎರಡು ವಾರ ಜೋರು ಕೆಂಪು, ನಾಲ್ಕನೇ ವಾರದ ಹೊತ್ತಿಗೆ ತಾಮ್ರ ಬೆರೆತ ಕಂದು. ಅಷ್ಟರಲ್ಲಿ ಬುಡದಲ್ಲಿ ಒಂದು ಸೆಂಟಿಮೀಟರ್ ಕಪ್ಪು ಕೂದಲು ಬಂದಿರುತ್ತದೆ.

ಎರಡನೇ ಸಲದಿಂದ ನಾನು ಮಾಡಿದ್ದು ಇಷ್ಟು: ವಾರಕ್ಕೆ ಎರಡೇ ತಲೆಸ್ನಾನ, ಬಿಸಿನೀರಿನ ಬದಲು ಉಗುರುಬೆಚ್ಚಗಿನ ನೀರು, ಸಲ್ಫೇಟ್ ಇಲ್ಲದ ಶಾಂಪೂ, ಬಿಸಿಲಿಗೆ ಹೋಗುವಾಗ ತಲೆಗೊಂದು ಬಟ್ಟೆ. ಜೊತೆಗೆ ಕೆಂಪು ಬಣ್ಣ ಬೆರೆತ ಕಂಡೀಷನರ್ ಬೇರೆಯಾಗಿ ತಗೊಂಡೆ, ವಾರಕ್ಕೊಮ್ಮೆ ಹತ್ತು ನಿಮಿಷ ಇಡುತ್ತೇನೆ. ಅದು ಮೇಲುಮೇಲಿನ ಬಣ್ಣ, ತೊಳೆದರೆ ಹೋಗುತ್ತದೆ, ಆದರೆ ವಾರ ವಾರ ಹಾಕುತ್ತಾ ಹೋದರೆ ಕೆಂಪು ಕೈಬಿಡುವುದಿಲ್ಲ. ಏಳನೇ ವಾರದಲ್ಲೂ ನೋಡಿದವರು ಕೆಂಪು ಅಂತಲೇ ಅಂದರು. ಕಿಟ್ ಜೊತೆ ಬರುವ ಕಂಡೀಷನರ್ ಪ್ಯಾಕೆಟ್ ಇದೆಯಲ್ಲ, ಅದು ಒಂದೇ ಸಲಕ್ಕೆ ಮುಗಿಯುತ್ತದೆ, ಅದರಲ್ಲಿ ಬಣ್ಣವೂ ಇಲ್ಲ. ಕೆಂಪು ಡೈ ಮಾರುವವರು ಇಂಥ ಬಣ್ಣದ ಕಂಡೀಷನರ್‌ನ ಒಂದು ಚಿಕ್ಕ ಟ್ಯೂಬನ್ನಾದರೂ ಡಬ್ಬದಲ್ಲಿ ಇಡಬೇಕಿತ್ತು.

ಕೂದಲು ಒಣಗಿದ್ದು ನಿಜ. ತುದಿ ಮುಟ್ಟಿದರೆ ಒರಟು, ಬಾಚುವಾಗ ಸಿಕ್ಕು ಜಾಸ್ತಿ. ಎರಡಿಂಚು ಕತ್ತರಿಸಿಕೊಂಡೆ. ಮೂರನೇ ಸಲ ಬುಡಕ್ಕೆ ಮಾತ್ರ ಹಚ್ಚಿ, ಕೊನೆಯ ಐದು ನಿಮಿಷ ಉದ್ದಕ್ಕೆ ಎಳೆದುಕೊಂಡೆ. ಪ್ರತಿ ಸಲ ತುದಿಯವರೆಗೂ ಹಚ್ಚಿದರೆ ಬಣ್ಣದ ಮೇಲೆ ಬಣ್ಣ ಕೂತು ಕಪ್ಪಾಗುತ್ತಾ ಹೋಗುತ್ತದೆ, ತಿಳಿ ಆಗುವುದಿಲ್ಲ. ಮಾಸಿದೆ ಅಂತ ಸುಮ್ನೆ ಇನ್ನೊಂದು ಡಬ್ಬ ಸುರಿದುಕೊಂಡರೆ ಸಿಗುವುದು ಕಳಾಹೀನ ಕೂದಲು.

ಅಲರ್ಜಿ ಪರೀಕ್ಷೆ ಮಾತ್ರ ಬಿಡಬೇಡಿ, ದಯವಿಟ್ಟು. ಇಂಥ ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅಥವಾ ಅದೇ ಜಾತಿಯ ಇನ್ನೊಂದು ರಾಸಾಯನಿಕ ಇರುತ್ತದೆ. ಕೆಲವರಿಗೆ ಮುಖ ಊದಿಕೊಳ್ಳುವಷ್ಟು ಅಲರ್ಜಿ ಆಗುತ್ತದೆ. ನಾಲ್ಕು ಸಲ ಏನೂ ಆಗದೆ ಐದನೇ ಸಲ ಶುರುವಾಗುವುದೂ ಉಂಟು, ಆದ್ದರಿಂದ ಪ್ರತಿ ಸಲವೂ ಹಚ್ಚುವ 48 ಗಂಟೆ ಮೊದಲು ಪರೀಕ್ಷೆ ಮಾಡಲೇಬೇಕು.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಬಣ್ಣಕ್ಕೆ ಪೂರ್ತಿ ಅಂಕ, ಬಾಳಿಕೆಗೂ ಆ ಚೀಟಿಗೂ ಕಡಿತ. ನಾಲ್ಕನೇ ಸಲದ ಡಬ್ಬ ತಂದಾಗಿದೆ. ನಿನ್ನೆ ರಾತ್ರಿ ಕಿವಿಯ ಹಿಂದೆ ಒಂದು ಬೊಟ್ಟು ಹಚ್ಚಿಕೊಂಡಿದ್ದೇನೆ, ಈವರೆಗೂ ತುರಿಕೆ ಇಲ್ಲ, ನಾಳೆ ರಾತ್ರಿಯವರೆಗೂ ಕಾಯಬೇಕು.