ಹತ್ತಡಿ ರೂಮಿನಲ್ಲಿ 5.1: ಮೂರು ವರ್ಷ ಕೇಳಿದ ಮೇಲೆ

ನಮ್ಮದು ಬೆಂಗಳೂರಿನ ಬಾಡಿಗೆ ಮನೆ, ಎರಡನೇ ಮಹಡಿ. ಹೋಮ್ ಥಿಯೇಟರ್‌ಗೆ ಅಂತ ಸಿಕ್ಕಿದ್ದು 10 ಅಡಿ ಉದ್ದ, 10 ಅಡಿ ಅಗಲದ ರೂಮು. ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಸೌಂಡ್‌ಗೆ ಇದಕ್ಕಿಂತ ಕೆಟ್ಟ ಅಳತೆ ಸಿಗುವುದು ಕಷ್ಟ ಅಂತ ಆಮೇಲೆ ಗೊತ್ತಾಯಿತು. ಒಂದು ರಿಸೀವರ್ (ಟಿವಿಯ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ), ಐದು ಪುಟ್ಟ ಸ್ಪೀಕರ್, 8 ಇಂಚಿನ ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ಗುಂಯ್ ಸದ್ದಿಗೇ ಇರುವ ಸ್ಪೀಕರ್) ತಂದು ಮೂರು ವರ್ಷವಾಯಿತು. ಈ ಐದೂ ಒಂದೂ ಸೇರಿದ್ದೇ 5.1. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ, ಯಾಕಂದ್ರೆ ಇದೇ ಸೆಟ್ಟನ್ನು ಭಾವನ ಮನೆ ಹಾಲ್‌ನಲ್ಲಿಟ್ಟು ಕೇಳಿದಾಗ ಬೇರೆ ಯಾವುದೋ ಸೆಟ್ ಅನ್ನಿಸಿತ್ತು.

ಜಾಸ್ತಿ ಕಾಡಿದ್ದು ಬೇಸ್. ರೂಮಿನ ಮಧ್ಯ ಕುರ್ಚಿ ಹಾಕಿಕೊಂಡು ಕೂತರೆ ಸಬ್ ಇದೆಯೋ ಇಲ್ಲವೋ ಅನ್ನುವ ಹಾಗೆ, ಗೋಡೆ ಪಕ್ಕದ ಮಂಚದ ಮೇಲೆ ಕೂತರೆ ಬರೀ ಗುಂಯ್ ಗುಂಯ್. ಕಾರಣ ಸರಳ. 10 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ಅಲೆಯ ಅರ್ಧ ಭಾಗ ಸರಿಯಾಗಿ ಕೂರುತ್ತದೆ. ಗೋಡೆ ಹತ್ತಿರ ಅದು ಉಬ್ಬುತ್ತದೆ, ಮಧ್ಯದಲ್ಲಿ ಮಾಯ. ನಮ್ಮದು ಉದ್ದ, ಅಗಲ, ಎತ್ತರ ಮೂರೂ ಒಂದೇ, ಹಾಗಾಗಿ ಅದೇ 56 ಹರ್ಟ್ಸ್‌ನಲ್ಲಿ ಮೂರು ಪಟ್ಟು ತೊಂದರೆ.

ಪರಿಹಾರಕ್ಕೆ ದುಡ್ಡು ಬೇಕಾಗಲಿಲ್ಲ. ಕೂರುವ ಜಾಗದಲ್ಲಿ ಸಬ್ ಇಟ್ಟು, ಬೇಸ್ ಇರುವ ಹಾಡು ಹಾಕಿ, ಗೋಡೆಗುಂಟ ಅಂಬೆಗಾಲಿಟ್ಟು ಕೇಳುತ್ತಾ ಹೋದೆ. ಬಾಗಿಲಲ್ಲಿ ನಿಂತು ನೋಡಿದ ಅಮ್ಮ "ಏನೋ ಕಳ್ಕೊಂಡ್ಯಾ?" ಅಂದರು. ಎಲ್ಲಿ ಬೇಸ್ ಸಮವಾಗಿ ಕೇಳಿತೋ ಅಲ್ಲಿ ಸಬ್ ಇಟ್ಟೆ, ಅಂದರೆ ಮೂಲೆ ಬಿಟ್ಟು, ಟಿವಿ ಗೋಡೆಯ ಹೆಚ್ಚುಕಡಿಮೆ ಮಧ್ಯಕ್ಕೆ. ಕುರ್ಚಿಯನ್ನೂ ಟಿವಿ ಗೋಡೆಯಿಂದ ಆರೂವರೆ ಅಡಿಗೆ ಸರಿಸಿದೆ. ಅರ್ಧ ಕಾಟ ಅಲ್ಲಿಗೇ ಮುಗಿಯಿತು.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸು ಅಂತ ಗೆಳೆಯ ಹೇಳಿದ್ದ, ಸುಮ್ನೆ ದಂಡ. ಬೇಸ್‌ಗೆ ಅದು ಲೆಕ್ಕಕ್ಕೇ ಇಲ್ಲ, ಜಿರಳೆಗೆ ಮಾತ್ರ ಒಳ್ಳೇ ಮನೆ. ಊರಿಂದ ತಂದ ಹಳೇ ಹತ್ತಿ ಹಾಸಿಗೆಯನ್ನು ಸುತ್ತಿ ಹಿಂದಿನ ಮೂಲೆಯಲ್ಲಿ ನಿಲ್ಲಿಸಿದ್ದೇನೆ, ಟೈಲ್ಸ್ ಮೇಲೆ ಎರಡು ಪದರ ಜಮಖಾನ ಇದೆ. ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಟಿಣ್ ಸದ್ದು ಹೋಯಿತು, ಮಾತು ಬಿಡಿಬಿಡಿಯಾಗಿ ಕೇಳುತ್ತದೆ.

ನನ್ನದೇ ದಡ್ಡತನ ಒಂದಿದೆ. ಮೊದಲ ನಾಲ್ಕು ತಿಂಗಳು ನಾನು ಕೇಳಿದ್ದು 5.1 ಅಲ್ಲವೇ ಅಲ್ಲ! ಟಿವಿಯಲ್ಲಿ ಆಡಿಯೋ ಔಟ್‌ಪುಟ್ ಪಿಸಿಎಂ (ಟಿವಿಯೇ ಸದ್ದನ್ನು ಬಿಡಿಸಿ ಕಳಿಸುವುದು) ಅಂತ ಇತ್ತು, ಎಆರ್‌ಸಿ ವೈರಿನಲ್ಲಿ (ಟಿವಿ ಸದ್ದನ್ನು ರಿಸೀವರ್‌ಗೆ ತರುವ ಎಚ್‌ಡಿಎಂಐ ಕೇಬಲ್) ಬರೀ ಎರಡು ಚಾನಲ್ ಬರುತ್ತಿತ್ತು, ರಿಸೀವರ್ ಅದನ್ನೇ ಐದೂ ಸ್ಪೀಕರ್‌ಗೆ ಹಂಚುತ್ತಿತ್ತು, ನಾನು ನೆಂಟರಿಗೆಲ್ಲ ಸರೌಂಡ್ ಅಂತ ತೋರಿಸಿದ್ದೇ ತೋರಿಸಿದ್ದು. ಬಿಟ್‌ಸ್ಟ್ರೀಮ್‌ಗೆ (ಸದ್ದನ್ನು ಬಿಡಿಸದೆ ಹಾಗೇ ರಿಸೀವರ್‌ಗೆ ಕಳಿಸುವುದು) ಬದಲಾಯಿಸಿದ ಮೇಲೆ ರಿಸೀವರ್ ಪರದೆಯಲ್ಲಿ ಡಾಲ್ಬಿ ಡಿಜಿಟಲ್ ಅಂತ ಬಂತು. ಹೊಸದಾಗಿ ಹಾಕಿಸಿದವರು ಇದನ್ನೊಮ್ಮೆ ನೋಡಿಬಿಡಿ.

ರಿಸೀವರ್ ಜೊತೆ ಆಟೋ ಸೆಟಪ್ ಮೈಕ್ ಕೊಟ್ಟಿದ್ದಾರೆ, ಸ್ಪೀಕರ್‌ಗಳ ಸದ್ದು ಅಳೆದು ತಾನೇ ಹೊಂದಿಸಿಕೊಳ್ಳಲು. ಅದನ್ನು ದಿಂಬಿನ ಮೇಲಿಡಬೇಡಿ, ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಕಿವಿ ಎತ್ತರಕ್ಕೆ ಇಡಿ. ಅದು ನನ್ನ ಪುಟ್ಟ ಸ್ಪೀಕರ್‌ಗಳನ್ನೂ 'ಲಾರ್ಜ್' ಅಂದುಕೊಂಡಿತ್ತು. ನಾನು 'ಸ್ಮಾಲ್' ಮಾಡಿ, ಕ್ರಾಸ್‌ಓವರ್ (ಯಾವ ಮಟ್ಟಕ್ಕಿಂತ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸ್‌ಗೆ ಇಟ್ಟು, ಡೈಲಾಗ್ ಬರುವ ಸೆಂಟರ್ ಸ್ಪೀಕರ್ 3 ಡೆಸಿಬಲ್ ಏರಿಸಿದೆ. ನಮ್ಮ ಸಿನಿಮಾಗಳಲ್ಲಿ ಹಿನ್ನೆಲೆ ಸಂಗೀತ ಡೈಲಾಗನ್ನು ನುಂಗಿಹಾಕುತ್ತದೆ, ಅಲ್ವಾ? ಈಗ ರಿಮೋಟ್ ಹಿಡಿದು ಏರಿಸಿ ಇಳಿಸುವ ಕೆಲಸ ಕಮ್ಮಿ.

ಎರಡನೇ ವರ್ಷ ಗುಡುಗು ಮಳೆಯ ದಿನ ರಿಸೀವರ್‌ನ ಎಚ್‌ಡಿಎಂಐ ಹೋಯಿತು. ಸರ್ವಿಸ್‌ನವರು ಬೋರ್ಡ್ ಸ್ಟಾಕ್ ಇಲ್ಲ ಅಂತ ಆರು ವಾರ ಓಡಾಡಿಸಿದರು. ಈಗ ಮೋಡ ಕಟ್ಟಿದರೆ ಪ್ಲಗ್ಗೂ ಕೇಬಲ್ಲೂ ಎರಡನ್ನೂ ಕಿತ್ತಿಡುತ್ತೇನೆ.

ಸರಿಹೋಗದೇ ಉಳಿದಿದ್ದು ಕೆಳಗಿನ ಮನೆಯವರ ವಿಷಯ. ಸಬ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದೆ. ನಮ್ಮ ಬೀರು ಅದುರುವುದು ನಿಂತಿತು, ಅವರಿಗೆ ಕೇಳಿಸುವುದು ನಿಲ್ಲಲಿಲ್ಲ. ರಾತ್ರಿ ಒಂಬತ್ತೂವರೆ ಆದರೆ ಸಬ್ ಆಫ್ ಮಾಡಿ, ನೈಟ್ ಮೋಡ್ (ಜೋರು ಸದ್ದನ್ನು ತಗ್ಗಿಸುವ ಸೆಟ್ಟಿಂಗ್) ಹಾಕಿ ನೋಡುತ್ತೇವೆ.