ಕುದಿಸಿದ್ದು ಸಾಲಲಿಲ್ಲ: ಬಳಸಿದ ಬ್ರೆಸ್ಟ್ ಪಂಪ್ ಕೊಂಡ ನನ್ನ ಅನುಭವ

ಬೇರೊಬ್ಬರು ಬಳಸಿದ ಬ್ರೆಸ್ಟ್ ಪಂಪ್, ಅಂದರೆ ಎದೆಹಾಲು ತೆಗೆಯುವ ಯಂತ್ರ, ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಲೇ ಬಿಡಲೇ ಎಂದು ಯೋಚಿಸುತ್ತಿರುವ ಬಾಣಂತಿಯರಿಗೂ ಅವರ ಮನೆಯವರಿಗೂ ಇದನ್ನು ಬರೆಯುತ್ತಿದ್ದೇನೆ. ನಾನು ಕೊಂಡೆ, ಎರಡು ತಿಂಗಳು ಬಳಸಿದೆ. ಅಷ್ಟರಲ್ಲಿ ನನ್ನ ಹಾಲು ಬತ್ತುತ್ತಾ ಬಂದಿತ್ತು. ದೋಷವೆಲ್ಲ ನನ್ನ ಮೈಯದ್ದೇ ಎಂದು ನಂಬಿ ಎಷ್ಟೋ ರಾತ್ರಿ ಕಣ್ಣೀರಿಟ್ಟಿದ್ದೇನೆ. ಯಂತ್ರವನ್ನು ಬಿಚ್ಚಿಸಿ ನೋಡಿದ ಮೇಲೆಯೇ ನಿಜ ಗೊತ್ತಾದದ್ದು.

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ, ಕಚೇರಿ ವೈಟ್‌ಫೀಲ್ಡ್‌ನಲ್ಲಿ. ಮೆಟ್ರೊದಲ್ಲಿ ಹೋಗಿ ಬರುವುದಕ್ಕೇ ದಿನಕ್ಕೆ ಮೂರು ಗಂಟೆ ಬೇಕು. ಹೆರಿಗೆ ರಜೆ 26 ವಾರ. ಅದರಲ್ಲಿ ನಾಲ್ಕು ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಂಡಿದ್ದರಿಂದ, ಮಗಳಿಗೆ ಐದು ತಿಂಗಳು ತುಂಬುವಾಗ ನಾನು ಕೆಲಸಕ್ಕೆ ಮರಳಬೇಕಿತ್ತು. ಆರು ತಿಂಗಳವರೆಗೆ ಎದೆಹಾಲಿನ ಹೊರತು ಬೇರೇನೂ ಬೇಡ ಎಂದು ಡಾಕ್ಟರ್ ಹೇಳಿದ್ದರು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಹೇಳಿತ್ತು. ಆದರೆ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬೆಳಗಿನ ಮೆಟ್ರೊ ನೂಕುನುಗ್ಗಲಿಗೆ ಇಳಿಯುವ ಧೈರ್ಯ ನನಗಿರಲಿಲ್ಲ. ಹಾಲು ತೆಗೆದು ಫ್ರೀಜರ್‌ನಲ್ಲಿ ಕೂಡಿಡುವುದೊಂದೇ ದಾರಿ ಎನ್ನಿಸಿತು.

ಎರಡೂ ಕಡೆ ಒಟ್ಟಿಗೆ ಹಾಲು ತೆಗೆಯುವ ಕರೆಂಟ್ ಪಂಪ್ ಹೊಸದಾದರೆ ಹದಿನಾಲ್ಕು ಸಾವಿರ ಎಂದರು. ಅದೇ ಮಾದರಿ ಜೆ.ಪಿ. ನಗರದ ಒಬ್ಬರಲ್ಲಿ ನಾಲ್ಕು ಸಾವಿರಕ್ಕೆ ಇತ್ತು. ಹೋಗಿ ನೋಡಿದೆವು. ಚೊಕ್ಕಟವಾದ ಮನೆ, ಮಾತಿನಲ್ಲಿ ಮೃದುವಾದ ಹೆಂಗಸು. ಒಳಗೆ ಕರೆದು ಕಾಫಿ ಕೊಟ್ಟರು. "ಮೂರು ತಿಂಗಳಿಗೇ ಹಾಲು ನಿಂತಿತು, ಹೆಚ್ಚು ಬಳಸಲೇ ಇಲ್ಲ" ಎಂದರು. ಪೆಟ್ಟಿಗೆಯೂ ಹಾಗೆಯೇ ಇತ್ತು. ಅನುಮಾನ ಪಡಲು ಏನೂ ಇರಲಿಲ್ಲ.

ನನಗೆ ಅದು ಅಸಹಜ ಎನ್ನಿಸಲೂ ಇಲ್ಲ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ತೊಡಿಸುವುದೇ ಬೇರೆ ಮಗು ಹಾಕಿ ಬಿಟ್ಟ ಹಳೆಯ ಅಂಗಿ. ತೊಟ್ಟಿಲು ಸೋದರಮಾವನ ಮನೆಯಿಂದ ಬಂದದ್ದು. ನನಗೆ ಹಾಲು ಕುಡಿಸಿದ ಬೆಳ್ಳಿಯ ಒಳಲೆಯಲ್ಲೇ ಅಮ್ಮ ನನ್ನ ಮಗಳಿಗೂ ಕುಡಿಸಿದ್ದರು. ಒಳಲೆಯನ್ನು ಕುದಿಸಬಹುದು, ತಿಕ್ಕಬಹುದು, ಅದರಲ್ಲಿ ಕಣ್ಣಿಗೆ ಕಾಣದ ಮೂಲೆ ಒಂದೂ ಇಲ್ಲ. ಪಂಪ್ ಅಂಥದ್ದಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ. ಬಾಟಲಿ, ಎದೆಗೆ ಒತ್ತಿಹಿಡಿಯುವ ಆಲಿಕೆ, ಸಣ್ಣ ವಾಲ್ವ್‌ಗಳು, ಎಲ್ಲವನ್ನೂ ಹತ್ತು ನಿಮಿಷ ಕುದಿಸಿದೆ. ಟ್ಯೂಬಿನೊಳಕ್ಕೂ ಬಿಸಿನೀರು ಹರಿಸಿದೆ. ಮೋಟಾರಿನ ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟೆ.

ಮೊದಲ ವಾರ ಒಂದೊಂದು ಕಡೆ 60 ಎಂ.ಎಲ್. ಹಾಲು ಬಂತು. ಮೂರನೆಯ ವಾರಕ್ಕೆ ಅದು 40 ಆಯಿತು, ಆಮೇಲೆ 25. ಎಳೆತವನ್ನು ಕೊನೆಯ ಮಟ್ಟಕ್ಕೆ ಏರಿಸಿ ಮುಕ್ಕಾಲು ಗಂಟೆ ಕುಳಿತರೂ ಎದೆ ಹಗುರವಾಗುತ್ತಿರಲಿಲ್ಲ. ತೊಟ್ಟು ಸೀಳಿ ರಕ್ತ ಒಸರಿತು. ಅಮ್ಮ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಎಂದು ಒಂದೂ ಬಿಡದೆ ಮಾಡಿ ಬಡಿಸಿದರು. ಅತ್ತೆ ಏನೂ ಅನ್ನಲಿಲ್ಲ, ಆದರೆ ಬಾಟಲಿಯನ್ನು ಬೆಳಕಿಗೆ ಹಿಡಿದು ಅಳತೆ ನೋಡುವುದು ನನಗೆ ಕಾಣುತ್ತಿತ್ತು. ಎಡಗಡೆ ಹಾಲು ಕಟ್ಟಿಕೊಂಡು ಕಲ್ಲಿನಂಥ ಗಂಟಾಗಿ, 102 ಡಿಗ್ರಿ ಜ್ವರ ಬಂದು, ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವ ಸ್ಥಿತಿಗೆ ಬಂದೆ. ಹಾಲು ಪೂರ್ತಿ ಖಾಲಿಯಾಗದಿದ್ದರೆ ಮೈ ಹೊಸ ಹಾಲು ತಯಾರಿಸುವುದನ್ನೂ ಕಡಿಮೆ ಮಾಡುತ್ತದೆ. ನನಗೆ ಆದದ್ದು ಅದೇ.

ಆಸ್ಪತ್ರೆಯಲ್ಲಿ ಸ್ತನ್ಯಪಾನದ ಸಲಹೆಗಾರ್ತಿಯೊಬ್ಬರು ಮೊದಲು ಕೇಳಿದ್ದು, "ಪಂಪ್ ಹೊಸದೋ, ಹಳೆಯದೋ?" ಎಂದು. ಹೇಳಿದೆ. ಅವರು ಆಸ್ಪತ್ರೆಯ ದೊಡ್ಡ ಪಂಪ್ ತಂದು, ಮೊಹರು ಒಡೆಯದ ಹೊಸ ಕಿಟ್ ಜೋಡಿಸಿ ಕೂರಿಸಿದರು. ಇಪ್ಪತ್ತು ನಿಮಿಷದಲ್ಲಿ ಎರಡೂ ಕಡೆ ಸೇರಿ 110 ಎಂ.ಎಲ್. ಬಂತು, ನೋವಿಲ್ಲದೆ. ಆ ಬಾಟಲಿಯನ್ನು ಹಿಡಿದುಕೊಂಡು ನಾನು ಅಲ್ಲೇ ಅತ್ತುಬಿಟ್ಟೆ. ನನ್ನ ಪಂಪ್‌ನ ಆಲಿಕೆ 27 ಎಂ.ಎಂ., ನನಗೆ ಬೇಕಿದ್ದುದು 21 ಎಂಬುದೂ ಅಂದೇ ತಿಳಿಯಿತು. ಬೇರೊಬ್ಬರ ಮೈ ಅಳತೆಯ ಆಲಿಕೆಯನ್ನು ನಾನು ಎರಡು ತಿಂಗಳು ಒತ್ತಿಹಿಡಿದಿದ್ದೆ.

ಮರುದಿನ ನಮ್ಮವರು ಆ ಪಂಪನ್ನು ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗೆ ಒಯ್ದರು, ಹಟ ಮಾಡಿ ನಾನೂ ಹೋದೆ. ವಯಸ್ಸಾದ ಮೆಕ್ಯಾನಿಕ್ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಬಂತು. ಮೋಟಾರಿನ ಮೇಲೆ ಹಿಗ್ಗಿ ಕುಗ್ಗಿ ಗಾಳಿ ಎಳೆಯುವ ರಬ್ಬರ್ ಪೊರೆ ಇರುತ್ತದೆ. ಅದರ ಅಂಚಿನಲ್ಲಿ ಹಳದಿ ಪದರವಾಗಿ ಹಾಲು ಒಣಗಿ ಅಂಟಿತ್ತು. ಟ್ಯೂಬ್ ಸೇರುವ ಬಾಯಿಯ ಸುತ್ತ ಕಪ್ಪು ಬೂಷ್ಟು. ಪೊರೆಯಲ್ಲಿ ಉಗುರಿನಷ್ಟು ಸೀಳು. "ಅಮ್ಮಾ, ಇದು ಒಂದೆರಡು ತಿಂಗಳು ಓಡಿದ ಮೋಟಾರಲ್ಲ, ವರ್ಷಗಟ್ಟಲೆ ಓಡಿದೆ" ಎಂದರು ಅವರು.

ಪಂಪ್‌ಗಳಲ್ಲಿ ಎರಡು ಬಗೆ. ‘ಕ್ಲೋಸ್ಡ್ ಸಿಸ್ಟಂ’ ಎಂಬುದರಲ್ಲಿ ಹಾಲಿಗೂ ಮೋಟಾರಿಗೂ ನಡುವೆ ತಡೆಯೊಂದು ಇರುತ್ತದೆ, ಹಾಲು ಟ್ಯೂಬಿಗೆ ಹೋಗುವುದಿಲ್ಲ. ‘ಓಪನ್ ಸಿಸ್ಟಂ’ನಲ್ಲಿ ಆ ತಡೆ ಇಲ್ಲ. ಹಾಲಿನ ತೇವ, ಕೆಲವೊಮ್ಮೆ ಹಾಲೇ, ಟ್ಯೂಬ್ ಹಿಡಿದು ಮೋಟಾರಿನವರೆಗೆ ತಲುಪುತ್ತದೆ. ಅಲ್ಲಿಗೆ ಬ್ರಷ್ಷೂ ಹೋಗುವುದಿಲ್ಲ, ಕುದಿಯುವ ನೀರೂ ಹೋಗುವುದಿಲ್ಲ. ನಾನು ಕೊಂಡದ್ದು ಎರಡನೆಯ ಬಗೆಯದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಪಂಪ್‌ಗಳನ್ನು ವೈದ್ಯಕೀಯ ಸಾಧನವೆಂದೇ ಪರಿಗಣಿಸುತ್ತದೆ. ಒಬ್ಬರ ಬಳಕೆಗೆಂದು ಮಾಡಿದ ಪಂಪನ್ನು ಹಂಚಿಕೊಳ್ಳಬೇಡಿ, ಬಳಸಿದ್ದನ್ನು ಕೊಳ್ಳಬೇಡಿ ಎಂದು ಅದು ಸ್ಪಷ್ಟವಾಗಿ ಹೇಳಿದೆ. ಕೊಳ್ಳುವ ಮೊದಲು ನಾನು ಇದನ್ನು ಹುಡುಕಿ ಓದಬೇಕಿತ್ತು.

ಎದೆಹಾಲಿನ ಮೂಲಕ ಎಚ್‌ಐವಿ, ಸೈಟೊಮೆಗಾಲೊ ವೈರಸ್‌ನಂಥವು ದಾಟಬಲ್ಲವು. ನಮ್ಮ ವಾಣಿ ವಿಲಾಸ ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕ್ ಇದೆ. ಇಂಥ ಬ್ಯಾಂಕ್‌ಗಳು ಹಾಲು ಕೊಡುವ ತಾಯಿಯ ರಕ್ತ ಪರೀಕ್ಷೆ ಮಾಡಿಸಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿದ ಮೇಲೆಯೇ ಮತ್ತೊಂದು ಮಗುವಿಗೆ ಕೊಡುತ್ತವೆ. ನಾನೋ, ಯಾರದೆಂದು ಗೊತ್ತಿಲ್ಲದ ಹಾಲು ಒಣಗಿದ್ದ ಯಂತ್ರವನ್ನು ಮಗಳ ಹಾಲಿಗೆ ಜೋಡಿಸಿದ್ದೆ. ಹಾಗೆ ಒಣಗಿದ ಹಾಲಿನಿಂದ ಎಚ್‌ಐವಿ ಅಂಟುವ ಸಾಧ್ಯತೆ ತೀರಾ ಕಡಿಮೆ ಎಂದು ಡಾಕ್ಟರ್ ಸಮಾಧಾನ ಹೇಳಿದರು. ಆದರೂ ನನ್ನ ನೆಮ್ಮದಿಗೆಂದು ರಕ್ತ ಪರೀಕ್ಷೆ ಬರೆದುಕೊಟ್ಟರು. ವರದಿ ಬರುವವರೆಗಿನ ಎರಡು ದಿನವನ್ನು ನಾನು ಮರೆಯಲಾರೆ. ಏನೂ ಇರಲಿಲ್ಲ. ಮಗಳೂ ಆರೋಗ್ಯವಾಗಿದ್ದಾಳೆ. ಡಾಕ್ಟರಿಗೆ ಹೆಚ್ಚು ಚಿಂತೆ ಇದ್ದದ್ದು ಬೂಷ್ಟು ಮತ್ತು ಬ್ಯಾಕ್ಟೀರಿಯಾದ್ದು. 2016ರಲ್ಲಿ ಅಮೆರಿಕದಲ್ಲಿ ಅವಧಿಗೆ ಮೊದಲೇ ಹುಟ್ಟಿದ ಮಗುವೊಂದಕ್ಕೆ ಕ್ರೋನೊಬ್ಯಾಕ್ಟರ್ ಸೋಂಕು ತಗುಲಿದಾಗ, ತಾಯಿಯ ಪಂಪ್‌ನಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತ್ತು. ಅದು ಆ ತಾಯಿಯ ಸ್ವಂತ ಪಂಪ್. ಭಾಗಗಳನ್ನು ಗಂಟೆಗಟ್ಟಲೆ ಸೋಪಿನ ನೀರಿನಲ್ಲಿ ನೆನೆಹಾಕಿ ಬಿಡುತ್ತಿದ್ದರಂತೆ.

ಫ್ರೀಜರ್‌ನಲ್ಲಿ ಹದಿನೆಂಟು ಪೊಟ್ಟಣ ಹಾಲಿತ್ತು. ಒಂದೊಂದರ ಮೇಲೂ ತಾರೀಖು ಬರೆದಿದ್ದೆ. ಕುಡಿಸಬೇಡಿ ಎಂದು ಡಾಕ್ಟರ್ ಹೇಳಿದ್ದರಿಂದ ಒಂದೊಂದಾಗಿ ಕತ್ತರಿಸಿ ಸಿಂಕಿಗೆ ಸುರಿದೆ. ಅಮ್ಮ ನೋಡಲಾಗದೆ ಅಡುಗೆಮನೆಯಿಂದ ಹೊರಗೆ ಹೋದರು.

ಆಮೇಲೆ ನಾನು ಮಾಡಿದ್ದನ್ನೂ ಹೇಳುತ್ತೇನೆ. ಅನೇಕರು ಬಳಸಲೆಂದೇ ತಯಾರಾದ, ಆಸ್ಪತ್ರೆ ದರ್ಜೆಯ ಪಂಪ್ ತಿಂಗಳ ಬಾಡಿಗೆಗೆ ಸಿಗುತ್ತದೆ. ಹಾಲು ತಾಗುವ ಕಿಟ್ ಮಾತ್ರ ನಿಮ್ಮದೇ, ಹೊಸದಾಗಿರಬೇಕು. ನಾನು ಅದನ್ನೇ ತಂದೆ. ಕೈಯಲ್ಲಿ ಹಾಲು ಹಿಂಡುವುದನ್ನೂ ಆ ಸಲಹೆಗಾರ್ತಿಯಿಂದ ಕಲಿತೆ. ಬಾಡಿಗೆ ಹೆಚ್ಚಾಯಿತು ಎನ್ನುವವರಿಗೆ, ಕೈಯಲ್ಲೇ ಒತ್ತುವ ಹೊಸ ಪಂಪ್ ಹಳೆಯ ಕರೆಂಟ್ ಪಂಪ್‌ಗಿಂತ ಎಷ್ಟೋ ಮೇಲು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಕ್ಲೋಸ್ಡ್ ಸಿಸ್ಟಂ ಆದರೆ ಹಳೆಯದನ್ನು ಕೊಳ್ಳಬಹುದಲ್ಲ ಎಂದು ನನ್ನ ತಂಗಿ ಕೇಳಿದಳು. ನಾನು ಬೇಡ ಎಂದೆ. ಆ ಮೋಟಾರು ಎಷ್ಟು ಓಡಿದೆ, ಆ ತಡೆ ಇನ್ನೂ ಗಟ್ಟಿಯಾಗಿದೆಯೇ ಎಂದು ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಈಗಾಗಲೇ ಕೊಂಡಿದ್ದರೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಹನಿ, ಚುಕ್ಕೆ, ವಾಸನೆ ಏನಿದ್ದರೂ ಇಂದೇ ನಿಲ್ಲಿಸಿ. ಹಾಲು ಕಡಿಮೆಯಾಗುತ್ತಿದ್ದರೆ ನಿಮ್ಮನ್ನು ದೂಷಿಸಿಕೊಳ್ಳುವ ಮೊದಲು ಯಂತ್ರವನ್ನು ಅನುಮಾನಿಸಿ.

ಮಾರಿದವರಿಗೆ ಮೋಟಾರಿನ ಫೋಟೊ ಕಳಿಸಿದಾಗ ನಾನು ಸಿಟ್ಟಿನಲ್ಲಿದ್ದೆ. ಹತ್ತೇ ನಿಮಿಷದಲ್ಲಿ ಅವರ ಕರೆ ಬಂತು. ಅವರೂ ಅದನ್ನು ಇನ್ನೊಬ್ಬರಿಂದ ಕೊಂಡಿದ್ದರು. ಹೇಳಬೇಕಿತ್ತು, ಹೇಳದಿದ್ದುದು ತಪ್ಪು ಎಂದು ಒಪ್ಪಿಕೊಂಡು ಹಣ ಹಿಂತಿರುಗಿಸಿದರು. ಆಮೇಲೆ ತುಸು ಹೊತ್ತು ಮಾತಿಲ್ಲ. ಕೊನೆಗೆ, "ನನಗೆ ಮೂರು ತಿಂಗಳಿಗೇ ಹಾಲು ನಿಂತಿತಲ್ಲ, ಅದೂ ಇದರಿಂದಲೇ ಇರಬಹುದೇ?" ಎಂದು ಕೇಳಿದರು. ನನಗೆ ಉತ್ತರ ಕೊಡಲಾಗಲಿಲ್ಲ. ಮತ್ತೆ ಯಾರ ಕೈಗೂ ಸೇರದಂತೆ ವೈರು, ಟ್ಯೂಬು ಎರಡನ್ನೂ ಕತ್ತರಿಸಿ ಪಂಪನ್ನು ಇ-ತ್ಯಾಜ್ಯಕ್ಕೆ ಹಾಕಿದೆ.