ಎನ್‌ಪಿಎಸ್ ಅಥವಾ ಯುಪಿಎಸ್: ಮಾರುಕಟ್ಟೆ ಕುಸಿದರೆ ಹೊರೆ ಯಾರದು?

ಕೇಂದ್ರ ಸರ್ಕಾರಿ ನೌಕರರು ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಎನ್‌ಪಿಎಸ್‌ನಲ್ಲಿ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಮೂಲ ವೇತನ, ತುಟ್ಟಿ ಭತ್ಯೆ ಸೇರಿದ ಮೊತ್ತದ 14% ಅನ್ನು ಸರ್ಕಾರ ಹಾಕುತ್ತದೆ, ಆದರೆ ಮಾರುಕಟ್ಟೆಯ ಏರಿಳಿತ ಪೂರ್ತಿ ನಿಮ್ಮದು. ನಿವೃತ್ತಿ ವೇಳೆಗೆ 60 ಲಕ್ಷ ಕೂಡಿತು ಅಂದುಕೊಳ್ಳಿ. 40%, ಅಂದರೆ 24 ಲಕ್ಷಕ್ಕೆ ಆನ್ಯುಟಿ (ಒಟ್ಟಿಗೆ ಹಣ ಕೊಟ್ಟು ತಿಂಗಳು ತಿಂಗಳು ಪಿಂಚಣಿ ಪಡೆಯುವ ವಿಮಾ ಯೋಜನೆ) ಕೊಳ್ಳಲೇಬೇಕು. 6% ದರ ಸಿಕ್ಕರೆ ತಿಂಗಳಿಗೆ 12,000. ಸಾಮಾನ್ಯವಾಗಿ ಈ ಮೊತ್ತ ಬೆಲೆ ಏರಿದಂತೆ ಏರುವುದಿಲ್ಲ. ಉಳಿದ 36 ಲಕ್ಷ ಕೈಗೆ ಬರುತ್ತದೆ, ಅದನ್ನು ಕಾಪಾಡಿಕೊಳ್ಳುವ ಕೆಲಸವೂ ನಿಮ್ಮದೇ.

2025ರ ಏಪ್ರಿಲ್‌ನಿಂದ ಬಂದ ಯುಪಿಎಸ್‌ನಲ್ಲಿ (ಏಕೀಕೃತ ಪಿಂಚಣಿ ಯೋಜನೆ) ಸರ್ಕಾರ ನಿಮ್ಮ ಖಾತೆಗೆ ಹಾಕುವುದು 10% ಮಾತ್ರ. ಇನ್ನೂ ಸುಮಾರು 8.5% ಎಲ್ಲರಿಗೂ ಸೇರಿದ ನಿಧಿಗೆ ಹೋಗುತ್ತದೆ, ಕೊರತೆ ತುಂಬುವುದು ಅದೇ. 25 ವರ್ಷ ಸೇವೆ ಮುಗಿಸಿದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಪಿಂಚಣಿ. ಜೊತೆಗೆ ತುಟ್ಟಿ ಪರಿಹಾರ, ಅಂದರೆ ಬೆಲೆ ಏರಿದಂತೆ ಪಿಂಚಣಿಗೆ ಸೇರುವ ಹೆಚ್ಚುವರಿ ಮೊತ್ತ. ನಿಮ್ಮ ನಂತರ ಸಂಗಾತಿಗೆ ಅದರ 60%.

ನನ್ನ ಪ್ರಕಾರ, ದೀರ್ಘ ಸೇವೆ ಇರುವವರಿಗೆ ಯುಪಿಎಸ್ ವಾಸಿ. ತುಟ್ಟಿ ಪರಿಹಾರದ ಬೆಲೆ ತುಂಬಾ ದೊಡ್ಡದು, ಸುಮ್ನೆ ಬಿಡಬೇಡಿ. ಆದರೆ ಮಧ್ಯದಲ್ಲಿ ರಾಜೀನಾಮೆ ಕೊಡುವ ಯೋಚನೆ ಇದ್ದರೆ ಯುಪಿಎಸ್ ಬೇಡ, ಖಚಿತ ಪಿಂಚಣಿ ಸಿಗುವುದಿಲ್ಲ. ಮಕ್ಕಳಿಗೆ ದುಡ್ಡು ಉಳಿಸಬೇಕು ಅನ್ನುವವರಿಗೂ ದೊಡ್ಡ ಮೊತ್ತ ಕೈಗೆ ಬರುವ ಎನ್‌ಪಿಎಸ್ಸೇ ಸರಿ.